ಹೆತ್ತವರ ಕಣ್ಣಲ್ಲಿ ಮಗುವಿನ ಮುಖ

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ತಮ್ಮ ಮಗುವಿನ ಕುಂದು ಕಾಣದ ತಾಯಿತಂದೆಯರನ್ನು ಗೇಲಿ ಮಾಡಲು ಅದನ್ನು ಬಳಸುತ್ತೇವೆ. ಗಾದೆಗಳನ್ನು ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಈ ಗಾದೆಯನ್ನು ನಾವೂ ಎಷ್ಟೋ ಸಲ ಕೊಟ್ಟಿದ್ದೇವೆ. ಮಕ್ಕಳೂ ಒಂದೂವರೆ ಪುಟ ಬರೆದು ಒಪ್ಪಿಸಿದ್ದಾರೆ. ಆದರೆ ಇಪ್ಪತ್ತು ವರ್ಷ ಮಕ್ಕಳ ನಡುವೆಯೂ ಅವರ ಹೆತ್ತವರ ನಡುವೆಯೂ ಕಳೆದ ಮೇಲೆ, ಈ ಗಾದೆ ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ. ನಾಲ್ಕು ಜನರ ಮಗುವಿನಂತೆ ಕಾಣದ ಮಗು ಹುಟ್ಟಿದಾಗ ಆ ಮುದ್ದು ತಾನಾಗಿ ಬರುವುದಿಲ್ಲ. ಅದನ್ನು ಕಲಿಯಬೇಕಾಗುತ್ತದೆ. ಕೆಲವರು ಒಂದು ವಾರದಲ್ಲಿ ಕಲಿಯುತ್ತಾರೆ, ಕೆಲವರಿಗೆ ಏಳೆಂಟು ವರ್ಷ ಹಿಡಿಯುತ್ತದೆ. ಕಲಿಯದೆ ಹೋದವರೂ ಇದ್ದಾರೆ.

ವಾರ್ಷಿಕ ಸಂಚಿಕೆಗಾಗಿ ತರಗತಿಯ ಭಾವಚಿತ್ರ ತೆಗೆಯುವ ದಿನ ನಮಗೆ ಇದು ಪ್ರತಿ ವರ್ಷವೂ ನೆನಪಾಗುತ್ತದೆ. ಆ ಒಂದು ದಿನ ಮಾತ್ರ ಜ್ವರ ಬರುವ ಮಕ್ಕಳಿದ್ದಾರೆ. ಮುಖದ ಅರ್ಧಕ್ಕೆ ಹುಟ್ಟುಮಚ್ಚೆ ಇರುವ ಹುಡುಗಿ, ಕೈಕಾಲಿನಲ್ಲಿ ತೊನ್ನು ಹರಡಿದ ಹುಡುಗ, ತುಟಿಯ ಮೇಲೆ ಹೊಲಿಗೆಯ ಗುರುತಿರುವವನು. ಮರುದಿನ ಮನೆಯವರ ಚೀಟಿ ಬರುತ್ತದೆ: ‘ಮಗನಿಗೆ ಸೌಖ್ಯವಿರಲಿಲ್ಲ.’ ನಾವೂ ಓದಿ ಸಹಿ ಹಾಕಿ ಸುಮ್ಮನಿರುತ್ತೇವೆ.

ಈ ಸಲ ಸುಮ್ಮನಿರಬಾರದೆಂದು ಒಂದು ಕುಟುಂಬದ ವಿಷಯವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ. ಹುಡುಗ ಈಗ ನಮ್ಮ ಶಾಲೆಯಲ್ಲಿಲ್ಲ. 2024ರ ಮಾರ್ಚಿನಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದವನು. ಸೀಳುತುಟಿಯೊಂದಿಗೆ ಹುಟ್ಟಿದವನು, ತುಟಿ ಮಾತ್ರವಲ್ಲ, ಅಂಗುಳೂ ಸೀಳಿತ್ತು.

ಕನ್ನಡದಲ್ಲಿ ಸೀಳುತುಟಿ ಎನ್ನುತ್ತೇವೆ. ಹಿಂದಿನವರು ಹರಕುತುಟಿ, ಮೊಲತುಟಿ ಎಂದದ್ದೂ ಉಂಟು. ಮಲಯಾಳದಲ್ಲಿ ಇದಕ್ಕೆ ‘ಮುಚ್ಚಿರಿ’ ಎಂದು ಹೆಸರು. ‘ಚಿರಿ’ ಎಂದರೆ ಅಲ್ಲಿ ತುಟಿ. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಮ್ಮಂತಹವರ ಕಿವಿಗೆ ಮಾತ್ರ ಅದು ಕನ್ನಡದ ಅಪ್ಪಣೆಯಂತೆ ಕೇಳುತ್ತದೆ: ಮುಚ್ಚಿರಿ! ಕಾಸರಗೋಡಿನ ನಾವು ಬಹುಮಟ್ಟಿಗೆ ಆ ಅಪ್ಪಣೆಯಂತೆಯೇ ನಡೆದುಕೊಳ್ಳುತ್ತಿದ್ದೇವೆ.

ಆ ತಾಯಿ ಹೇಳಿದ ಮೊದಲ ಸಂಗತಿ ಮಗುವಿನದ್ದಲ್ಲ, ನೋಡಲು ಬಂದವರದ್ದು. ಹೆರಿಗೆಯಾದ ಮರುದಿನ ಆಸ್ಪತ್ರೆಗೆ ಬಂದ ನೆಂಟರಲ್ಲಿ ಒಬ್ಬರೂ ‘ಮಗು ಹಾಲು ಕುಡಿಯಿತೇ’ ಎಂದು ಕೇಳಲಿಲ್ಲವಂತೆ. ಕೇಳಿದ್ದೆಲ್ಲ ‘ಗ್ರಹಣದ ದಿನ ನೀನು ಏನು ಮಾಡಿದ್ದೆ?’ ಎಂದು. ಗ್ರಹಣ ನೋಡಿದ ನೆನಪೇ ಇಲ್ಲವೆಂದಾಗ, ಹಾಗಾದರೆ ತರಕಾರಿ ಹೆಚ್ಚಿರಬೇಕು, ಹಾವನ್ನು ಕಂಡಿರಬೇಕು ಎಂದು ಇನ್ನೊಂದು ಕಾರಣ ಸಿದ್ಧವಾಯಿತು. ಹೇಗಾದರೂ ಮಾಡಿ ತಪ್ಪನ್ನು ತಾಯಿಯ ಸೆರಗಿಗೆ ಕಟ್ಟಿದ ಮೇಲೆಯೇ ಎಲ್ಲರಿಗೂ ನೆಮ್ಮದಿ.

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನಮ್ಮ ಜಿಲ್ಲೆಯ ಮೇಲೆಯೇ ಹಾದುಹೋಯಿತು. ಚೆರುವತ್ತೂರಿನಲ್ಲಿ ಸಾವಿರಾರು ಜನ ಸೇರಿ ಸೂರ್ಯನ ಬಳೆಯನ್ನು ನೋಡಿ ಬೆರಗಾದರು. ಅದೇ ಬೆಳಿಗ್ಗೆ 8ರಿಂದ 11ರವರೆಗೆ ಎಷ್ಟು ಮನೆಗಳಲ್ಲಿ ಗರ್ಭಿಣಿಯರನ್ನು ಕಿಟಕಿ ಬಾಗಿಲು ಹಾಕಿ ಕೋಣೆಯಲ್ಲಿ ಕೂರಿಸಿದ್ದರೆಂಬುದು ನಮಗೆಲ್ಲ ಗೊತ್ತಿದೆ. ಈ ನಂಬಿಕೆ ನಮ್ಮೂರಿನದು ಮಾತ್ರವೂ ಅಲ್ಲ. ಗ್ರಹಣವೆಂದರೆ ಚಂದ್ರನನ್ನು ಏನೋ ಕಚ್ಚಿದ ಗುರುತು, ಬಸುರಿ ಅದನ್ನು ನೋಡಿದರೆ ಮಗುವಿನ ಬಾಯಲ್ಲೂ ಅದೇ ಕಚ್ಚು ಮೂಡುತ್ತದೆ ಎಂದು ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರು ನಂಬಿದ್ದರು. ರಕ್ಷಣೆಗೆಂದು ಅವರ ಬಸುರಿಯರು ಕಲ್ಲಿನ ಚೂರಿಯನ್ನು ಮೈಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ನಾವು ಚೂರಿ ಮುಟ್ಟಬೇಡ ಎನ್ನುತ್ತೇವೆ, ಅವರು ಚೂರಿ ಇಟ್ಟುಕೋ ಎಂದರು. ಮಕ್ಕಳು ಎರಡು ಕಡೆಯಲ್ಲೂ ಹಾಗೆ ಹುಟ್ಟಿದರು.

ನಿಜ ಸಂಗತಿ ಹೀಗಿದೆ. ಗರ್ಭದಲ್ಲಿ ಮುಖವು ಬಿಡಿ ಬಿಡಿ ಭಾಗಗಳಾಗಿ ಮೂಡಿ ನಡುವಿನಲ್ಲಿ ಬಂದು ಕೂಡುತ್ತದೆ. ತುಟಿ ಕೂಡುವುದು 4ರಿಂದ 7ನೆಯ ವಾರದೊಳಗೆ, ಅಂಗುಳು 6ರಿಂದ 9ನೆಯ ವಾರದೊಳಗೆ. ತಾನು ಬಸುರಿಯೆಂದು ಎಷ್ಟೋ ಹೆಂಗಸರಿಗೆ ಖಚಿತವಾಗುವ ಹೊತ್ತಿಗೆ ತುಟಿಯ ಕೆಲಸ ಮುಗಿದೇ ಹೋಗಿರುತ್ತದೆ. ಅಲ್ಲಿ ಕೂಡದೆ ಉಳಿದರೆ ಸೀಳು. ಸುಮಾರು 700ರಿಂದ 1000 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ. ವಂಶದಿಂದ ಬಂದ ಗುಣ, ತಾಯಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಧೂಮಪಾನ, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು ಇವೆಲ್ಲ ಸೇರಿ ಕಾರಣವಾಗಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಇದೇ ಕಾರಣವೆಂದು ವೈದ್ಯರೂ ಬೆರಳಿಟ್ಟು ಹೇಳಲಾರರು. ಸೂರ್ಯಚಂದ್ರರಂತೂ ಈ ಪಟ್ಟಿಯಲ್ಲಿಲ್ಲ.

ಇನ್ನು ಮಗುವಿನ ವಿಷಯ. ಅಂಗುಳು ಸೀಳಿದ ಮಗುವಿಗೆ ಮೊಲೆ ಚೀಪಲು ಆಗುವುದಿಲ್ಲ. ಬಾಯಿಯಲ್ಲಿ ಎಳೆತ ಹುಟ್ಟುವುದಿಲ್ಲ, ಹಾಲು ಮೂಗಿನಿಂದ ಹೊರಬರುತ್ತದೆ. ತಾಯಿ ಹಾಲನ್ನು ಹಿಂಡಿ, ಮಗುವನ್ನು ನೆಟ್ಟಗೆ ಕೂರಿಸಿ ಹಿಡಿದು, ಒಳಲೆಯಿಂದ ತೊಟ್ಟು ತೊಟ್ಟಾಗಿ ಕುಡಿಸಿದರು. ಒಂದು ಹೊತ್ತಿನ ಹಾಲಿಗೆ ಮುಕ್ಕಾಲು ಗಂಟೆ. ಹಗಲೂ ರಾತ್ರಿ, ಮೂರು ತಿಂಗಳಿಗೂ ಮೇಲೆ. ‘ಅಷ್ಟು ಹೊತ್ತು ಅವನ ಮುಖವನ್ನೇ ನೋಡುತ್ತಾ ಕೂರಬೇಕಿತ್ತು. ಬೇರೆ ಕಡೆ ನೋಡಿದರೆ ಹಾಲು ನೆತ್ತಿಗೆ ಹತ್ತುತ್ತಿತ್ತು. ನೋಡುತ್ತಾ ನೋಡುತ್ತಾ ಅಭ್ಯಾಸವಾಯಿತು’ ಎಂದು ಅವರು ಹೇಳಿದರು. ಒಪ್ಪಿಕೊಳ್ಳುವುದನ್ನು ಕುರಿತು ನಾವು ಕೇಳಿದ ಅತ್ಯಂತ ಸರಳವಾದ ಮಾತು ಇದೇ ಇರಬೇಕು. ಅವರು ಯಾವ ಉಪದೇಶವನ್ನೂ ಕೇಳಿದವರಲ್ಲ. ಕೈಯಲ್ಲಿ ಒಳಲೆಯಿತ್ತು, ಮುಂದೆ ಮುಖವಿತ್ತು.

ತುಟಿಯ ಶಸ್ತ್ರಕ್ರಿಯೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಮಾಡುತ್ತಾರೆ. ವೈದ್ಯರಲ್ಲಿ ಹತ್ತರ ಲೆಕ್ಕವೆಂದು ಒಂದು ಹಳೆಯ ಲೆಕ್ಕವಿದೆ: ಮಗುವಿಗೆ 10 ವಾರ ತುಂಬಿರಬೇಕು, 10 ಪೌಂಡು ಅಂದರೆ ಸುಮಾರು ನಾಲ್ಕೂವರೆ ಕಿಲೋ ತೂಕವಿರಬೇಕು, ರಕ್ತದಲ್ಲಿ ಹಿಮೋಗ್ಲೋಬಿನ್ 10 ಗ್ರಾಂ ಇರಬೇಕು. ಒಳಲೆಯ ಹಾಲಿನಲ್ಲಿ ಆ ತೂಕ ಬರಲು ಇವನಿಗೆ ನಾಲ್ಕು ತಿಂಗಳು ಹಿಡಿಯಿತು. ಮಂಗಳೂರಿನಲ್ಲಿ ಶಸ್ತ್ರಕ್ರಿಯೆಯಾಯಿತು. ಮಗುವನ್ನು ಹೊರಗೆ ತಂದು ತೋರಿಸಿದಾಗ ತುಟಿ ಕೂಡಿತ್ತು. ನೆಂಟರೆಲ್ಲ ‘ಈಗ ಚೆಂದವಾಯಿತು’ ಎಂದರು. ತಾಯಿ ಅತ್ತರು. ಸಂತೋಷದ ಕಣ್ಣೀರೆಂದು ಎಲ್ಲರೂ ತಿಳಿದರು. ‘ಅಲ್ಲ ಸರ್, ಆ ಅಗಲವಾದ ನಗು ಕಾಣಲಿಲ್ಲ. ನಾಲ್ಕು ತಿಂಗಳು ನೋಡಿದ್ದು ಆ ನಗುವನ್ನು. ನನ್ನ ಮಗುವನ್ನು ಬದಲಿಸಿ ಕೊಟ್ಟರೇನೋ ಎಂದು ಅನ್ನಿಸಿತು’ ಎಂದರು. ಇಂತಹ ಮಕ್ಕಳ ತಾಯಂದಿರಲ್ಲಿ ಹಲವರು ಹೀಗೆಯೇ ಹೇಳುತ್ತಾರೆಂದು ಆಮೇಲೆ ನಮಗೆ ತಿಳಿಯಿತು. ನಾವು ಕುಂದೆಂದು ಕರೆಯುವುದನ್ನು ಅವರು ಆಗಲೇ ಮಗುವೆಂದು ಕರೆಯಲು ಕಲಿತಿದ್ದರು.

ತಂದೆಯ ದಾರಿ ಬೇರೆಯಾಗಿತ್ತು. ಇದನ್ನು ಅವರೇ ಹೇಳಿದ್ದರಿಂದ ಬರೆಯಲು ನಮಗೆ ಸಂಕೋಚವಿಲ್ಲ. ಒಳ್ಳೆಯ ಮನುಷ್ಯ, ಅಡಿಕೆ ತೋಟದಲ್ಲಿ ಮೈಮುರಿದು ದುಡಿಯುವವರು. ಮಗುವಿನ ಚಿಕಿತ್ಸೆಗೆ ಒಂದು ದಿನವೂ ತಡಮಾಡಿದವರಲ್ಲ. ಆದರೆ ಬಸ್ಸು ಹತ್ತಿದ ಕೂಡಲೇ ಹೆಗಲ ಮೇಲಿನ ಬೈರಾಸನ್ನು ತೆಗೆದು ಮಗುವಿನ ಮುಖದ ಮೇಲೆ ಎಳೆಯುತ್ತಿದ್ದರು. ಯಾರಾದರೂ ಕೇಳಿದರೆ ‘ಬಿಸಿಲು’ ಎನ್ನುತ್ತಿದ್ದರು, ಮಳೆಗಾಲದಲ್ಲಿ ‘ಗಾಳಿ’. ಊರ ಜಾತ್ರೆಗೆ ಮೂರು ವರ್ಷ ಮಗುವನ್ನು ಕರೆದುಕೊಂಡು ಹೋಗಲಿಲ್ಲ. ತುಟಿಯ ಶಸ್ತ್ರಕ್ರಿಯೆ ಆಗಲಿ, ಆಮೇಲೆ ಹೋದರಾಯಿತು ಎಂದು ಮೊದಲು ಅಂದುಕೊಂಡರು. ತುಟಿ ಕೂಡಿತು, ಆದರೆ ಗುರುತು ಉಳಿಯಿತು, ಮೂಗಿನ ಒಂದು ಹೊಳ್ಳೆ ಚಪ್ಪಟೆಯಾಗಿಯೇ ಇತ್ತು. ಅಂಗುಳಿನ ಶಸ್ತ್ರಕ್ರಿಯೆ ಆಗಲಿ ಎಂದುಕೊಂಡರು. ಅದೂ ಒಂದೂವರೆ ವರ್ಷಕ್ಕೆ ಆಯಿತು. ಆಮೇಲೆ ಮಾತು ಸರಿಯಾಗಲಿ ಎಂದು ಕಾದರು.

ಮಾತಿನ ವಿಷಯ ಬಂದದ್ದರಿಂದ ಕನ್ನಡ ಅಧ್ಯಾಪಕರಾಗಿ ಒಂದೆರಡು ಮಾತು ಹೆಚ್ಚು ಹೇಳುತ್ತೇವೆ. ವರ್ಗಾಕ್ಷರಗಳನ್ನು ಎಲ್ಲರೂ ಬಾಯಿಪಾಠ ಮಾಡಿದ್ದೀರಿ. ಕ ಚ ಟ ತ ಪ ಎಂಬ ಐದು ಸಾಲುಗಳಲ್ಲಿ ಕೊನೆಯ ಅಕ್ಷರ ಅನುನಾಸಿಕ. ಅದನ್ನು ನುಡಿಯುವಾಗ ಉಸಿರು ಮೂಗಿನಿಂದ ಹೋಗುತ್ತದೆ. ಉಳಿದ ನಾಲ್ಕಕ್ಕೆ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು, ಉಸಿರು ಬಾಯಲ್ಲೇ ಒತ್ತಿ ನಿಂತು ಸಿಡಿಯಬೇಕು. ಅಂಗುಳು ಸೀಳಿದ್ದರೆ ಆ ದಾರಿ ಮುಚ್ಚುವುದಿಲ್ಲ. ‘ಪ’ವೂ ‘ಬ’ವೂ ‘ಮ’ದಂತೆ ಕೇಳುತ್ತವೆ, ‘ಡ’ವು ‘ಣ’ದ ಕಡೆಗೆ ಜಾರುತ್ತದೆ. ಆದರೆ ಮ, ನ, ಣ ಇವುಗಳಿಗೆ ಏನೂ ಆಗುವುದಿಲ್ಲ. ಆದುದರಿಂದ ಆ ಮಗು ‘ಅಮ್ಮ’ ಎಂದದ್ದು ತಾಯಿಗೆ ಸ್ಪಷ್ಟವಾಗಿಯೇ ಕೇಳಿಸಿತು. ತಂದೆಯನ್ನು ಕರೆದಾಗಲೂ ಕೇಳಿಸಿದ್ದು ‘ಅಮ್ಮ’ ಎಂದೇ. ‘ಅವನು ನನ್ನನ್ನು ಕರೆಯುವುದೇ ಇಲ್ಲ ಎಂದು ನಾನು ತಿಳಿದಿದ್ದೆ. ಕರೆಯುತ್ತಿದ್ದ. ಅವನಿಗೆ ಆ ಅಕ್ಷರ ಬರುತ್ತಿರಲಿಲ್ಲ, ಅಷ್ಟೆ’ ಎಂದು ತಂದೆ ಹೇಳುವಾಗ ತಲೆ ತಗ್ಗಿಸಿದ್ದರು.

ಅಂಗುಳು ಹೊಲಿದ ಮೇಲೂ ಮಾತು ಒಂದೇ ದಿನಕ್ಕೆ ತಿದ್ದುವುದಿಲ್ಲ; ವರ್ಷಗಟ್ಟಲೆ ತರಬೇತಿ ಬೇಕು. ಎಂಟರಿಂದ ಹನ್ನೊಂದು ವರ್ಷದೊಳಗೆ ಒಸಡಿನ ಸೀಳಿಗೆ ಮೂಳೆ ಕೂರಿಸುವ ಶಸ್ತ್ರಕ್ರಿಯೆ, ಆಮೇಲೆ ಹಲ್ಲಿನ ಜೋಡಣೆ, ಬೆಳವಣಿಗೆ ಮುಗಿದ ಮೇಲೆ ಬೇಕಾದರೆ ಮೂಗಿನದ್ದು. ಅಂದರೆ ಹದಿನೆಂಟು ವರ್ಷದವರೆಗೆ ಏನಾದರೊಂದು ಬಾಕಿ ಇದ್ದೇ ಇರುತ್ತದೆ. ನಮ್ಮ ಅಭಿಪ್ರಾಯವೆಲ್ಲ ಇರುವುದು ಇಲ್ಲಿಯೇ. ಚಿಕಿತ್ಸೆ ಮುಗಿದ ಮೇಲೆ ಮಗುವನ್ನು ನಾಲ್ಕು ಜನರ ಮುಂದೆ ತರುತ್ತೇನೆ ಎನ್ನುವ ತಂದೆ ತನಗೆ ತಿಳಿಯದೆಯೇ ಆ ಮಗುವಿನ ಬಾಲ್ಯ ಪೂರ್ತಿ ಬಾಗಿಲು ಹಾಕಿ ಕೂತಿರುತ್ತಾನೆ. ಚಿಕಿತ್ಸೆ ಮಾಡಿಸಲೇಬೇಕು, ಒಳ್ಳೆಯದನ್ನೇ ಮಾಡಿಸಬೇಕು. ಆದರೆ ಮಗನೆಂದು ಒಪ್ಪಿಕೊಳ್ಳುವ ಕೆಲಸವನ್ನು ಅದರ ಹಿಂದೆ ಸರದಿಯಲ್ಲಿ ನಿಲ್ಲಿಸಬಾರದು.

ಆ ತಂದೆಯನ್ನು ತಿದ್ದಿದ್ದು ಅಧ್ಯಾಪಕರೂ ಅಲ್ಲ, ವೈದ್ಯರೂ ಅಲ್ಲ. ಹುಡುಗನಿಗೆ ಏಳು ವರ್ಷವಿದ್ದಾಗ ಇಬ್ಬರೂ ಮಂಗಳೂರಿಗೆ ಹೋಗುತ್ತಿದ್ದರು. ಮುಖ ಮುಚ್ಚುವ ವಯಸ್ಸು ದಾಟಿತ್ತು. ಬೈರಾಸು ತಂದೆಯ ಹೆಗಲ ಮೇಲೆಯೇ ಇತ್ತು. ದಾರಿಯಲ್ಲಿ ಅಪರಿಚಿತರೊಬ್ಬರು ಹತ್ತಿ ಎದುರು ಕುಳಿತರು. ಹುಡುಗ ಯಾರೂ ಹೇಳದೆ, ತಂದೆಯ ಹೆಗಲಿನಿಂದ ಬೈರಾಸಿನ ತುದಿಯನ್ನು ಎಳೆದು ತನ್ನ ಬಾಯಿಗೆ ಅಡ್ಡ ಹಿಡಿದುಕೊಂಡ. ತಂದೆ ಎಳೆಯುತ್ತಿದ್ದ ರೀತಿಯಲ್ಲೇ, ಅದೇ ಕೈಯಲ್ಲಿ. ಮುಂದಿನ ನಿಲ್ದಾಣದ ತನಕ ತಾನು ಉಸಿರಾಡಿದ ನೆನಪಿಲ್ಲವೆಂದು ಅವರು ಹೇಳುತ್ತಾರೆ. ಆಮೇಲೆ ಬೈರಾಸನ್ನು ಮೆಲ್ಲನೆ ಬಿಡಿಸಿ, ಮಡಚಿ ಚೀಲದೊಳಗಿಟ್ಟರು. ಎದುರಿಗಿದ್ದವರು ನೋಡಿದರು, ಕೇಳಿಯೂ ಕೇಳಿದರು. ‘ಹುಟ್ಟುವಾಗ ತುಟಿ ಕೂಡಿರಲಿಲ್ಲ, ಡಾಕ್ಟರು ಹೊಲಿದರು’ ಎಂದು ತಂದೆ ಉತ್ತರ ಕೊಟ್ಟರು. ‘ಓ, ಹಾಗೋ’ ಎಂದು ಅವರು ಕಿಟಕಿಯ ಕಡೆ ತಿರುಗಿದರು. ಏಳು ವರ್ಷ ಹೆದರಿದ್ದ ಪ್ರಶ್ನೆ ಅಷ್ಟರಲ್ಲೇ ಮುಗಿಯಿತು. ಆ ಒಂದು ವಾಕ್ಯವನ್ನು ಹುಡುಗನೂ ಕಲಿತುಕೊಂಡ. ಎಂಟನೆಯ ತರಗತಿಗೆ ಬಂದಾಗ ಅವನು ನಮಗೂ ಅದನ್ನೇ ಹೇಳಿದ್ದು, ನಾವು ಕೇಳುವ ಮೊದಲೇ.

ಇಷ್ಟಾದರೂ ದಾರಿ ನೇರವಾಗಲಿಲ್ಲ. ಕೊರೋನಾ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು ನಮ್ಮ ರಾಜ್ಯದಲ್ಲಿ 2021ರ ನವೆಂಬರ್ 1ರಂದು ತೆರೆದವು. ಎಲ್ಲರಿಗೂ ಮುಖಗವಸು ಕಡ್ಡಾಯ. ಮಕ್ಕಳೆಲ್ಲ ಉಸಿರು ಕಟ್ಟುತ್ತದೆಂದು ಗೊಣಗುತ್ತಿದ್ದಾಗ ಇವನೊಬ್ಬ ಮಾತ್ರ ನೆಮ್ಮದಿಯಾಗಿದ್ದ. ‘ಎಲ್ಲರೂ ನನ್ನ ಹಾಗೆಯೇ ಇದ್ದರು’ ಎಂದು ಆಮೇಲೆ ಹೇಳಿದ. ಮುಖಗವಸು ಹೋದ ಮೇಲೂ ಕೆಲವು ವಾರ ಅವನು ಅದನ್ನು ತೆಗೆಯಲಿಲ್ಲ. ತಂದೆ ಒತ್ತಾಯಿಸಲಿಲ್ಲ, ಬೆಳಿಗ್ಗೆ ಗೇಟಿನವರೆಗೆ ಜೊತೆಗೆ ಬಂದು ಹೋಗುತ್ತಿದ್ದರು, ಅಷ್ಟೆ. ಒಂದು ದಿನ ತಾನಾಗಿಯೇ ತೆಗೆದ.

ಈಗ ನಮ್ಮದೇ ತಪ್ಪಿನ ಸಂಗತಿ. 2022ರಲ್ಲಿ ಶಾಲಾ ಕಲೋತ್ಸವ ಮತ್ತೆ ಆರಂಭವಾದಾಗ ಕನ್ನಡ ಪದ್ಯ ಕಂಠಪಾಠಕ್ಕೆ ಹೆಸರು ಕೊಡಿ ಎಂದೆವು. ಅವನು ಕೈಯೆತ್ತಿದ. ಒಂಬತ್ತನೆಯ ತರಗತಿಯಲ್ಲಿ ಅವನಷ್ಟು ಪದ್ಯ ಬಾಯಿಗೆ ಬರುವವರು ಬೇರೆ ಇರಲಿಲ್ಲ. ಆದರೆ ಮಹಾಪ್ರಾಣಗಳು ಅವನಿಗೆ ಆಗಲೂ ಕಷ್ಟ. ಒತ್ತಿ ನುಡಿಯುವಾಗ ಮೂಗಿನಿಂದ ಗಾಳಿ ಹೋಗುತ್ತಿತ್ತು. ತೀರ್ಪುಗಾರರು ಅಂಕ ಕಳೆದಾರು, ಮಕ್ಕಳು ನಕ್ಕಾರು, ಹುಡುಗನಿಗೆ ನೋವಾದೀತು ಎಂದೆಲ್ಲ ನಾವೇ ಲೆಕ್ಕ ಹಾಕಿ, ‘ಉಚ್ಚಾರ ಇನ್ನೂ ಸ್ವಲ್ಪ ಸುಧಾರಿಸಲಿ, ಮುಂದಿನ ವರ್ಷ ನೋಡೋಣ’ ಎಂದೆವು. ಆಗಲಿ ಸರ್ ಎಂದು ಕುಳಿತ. ನಮಗೆ ಬಹಳ ದಯೆ ತೋರಿಸಿದಂತೆ ಅನ್ನಿಸಿತ್ತು.

ಮರುವಾರ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ತಂದೆ ಹಿಂದೆ ಉಳಿದರು. ಸಿಟ್ಟಿನ ಮಾತಾಡಲಿಲ್ಲ. ‘ಸರ್, ಬೈರಾಸು ನಾನು ಚೀಲದಲ್ಲಿಟ್ಟು ಎಂಟು ವರ್ಷವಾಗುತ್ತಾ ಬಂತು. ನೀವು ಅದನ್ನು ಹೊರಗೆ ತೆಗೆದಿರಿ’ ಎಂದರು. ಬಸ್ಸಿನ ಕಥೆಯನ್ನು ನಾವು ಮೊದಲು ಕೇಳಿದ್ದು ಆ ದಿನವೇ. ಮಕ್ಕಳ ಮನಃಶಾಸ್ತ್ರವನ್ನು ತರಬೇತಿ ಕಾಲೇಜಿನಲ್ಲಿ ಓದಿ ಅಂಕ ಪಡೆದವರು ನಾವು. ಕಾಯಿದೆಯೂ ಗೊತ್ತಿತ್ತು: 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದಯೆಯ ರೂಪದಲ್ಲಿ ಬಂದದ್ದನ್ನು ನಾವು ಗುರುತಿಸಲಿಲ್ಲ.

ಮರುವರ್ಷ ಅವನು ಹತ್ತನೆಯ ತರಗತಿಯಲ್ಲಿ ಶಾಲಾ ಮಟ್ಟದ ಸ್ಪರ್ಧೆಗೆ ನಿಂತ. ಎರಡನೆಯ ಚರಣದಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನಿಲ್ಲಿಸಿದ, ನೀರು ಕುಡಿದ, ಮೊದಲಿನಿಂದ ಆರಂಭಿಸಿ ಮುಗಿಸಿದ. ಬಹುಮಾನ ಬರಲಿಲ್ಲ. ಬರಬೇಕಿತ್ತೆಂದೂ ನಾವು ಹೇಳುವುದಿಲ್ಲ. ಬಹುಮಾನ ಪಡೆದ ಹುಡುಗಿ ನಿಜವಾಗಿಯೂ ಚೆನ್ನಾಗಿ ಹೇಳಿದಳು.

ನಮ್ಮ ತಾಳಮದ್ದಳೆಯ ನಾಡಿನಲ್ಲಿ ಅಷ್ಟಾವಕ್ರನ ಕಥೆ ಯಾರಿಗೆ ತಿಳಿಯದು? ಆದರೆ ಒಂದು ಅಂಶವನ್ನು ನಾವು ಬೇಗ ದಾಟಿಬಿಡುತ್ತೇವೆ. ಆ ಮಗುವಿನ ಎಂಟು ವಕ್ರಗಳಿಗೆ ಕಾರಣ ತಂದೆಯೇ. ಗರ್ಭದಲ್ಲಿದ್ದು ತನ್ನ ವೇದಪಾಠದ ತಪ್ಪನ್ನು ಎತ್ತಿ ತೋರಿಸಿತೆಂದು ಕಹೋಡ ಶಾಪ ಕೊಟ್ಟ. ಮುಂದೆ ಜನಕನ ಸಭೆಯಲ್ಲಿ ಬಂದಿಯನ್ನು ವಾದದಲ್ಲಿ ಗೆದ್ದು, ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿ ತಂದವನು ಅದೇ ಮಗ. ಮಹಾಭಾರತದಲ್ಲಿ ಆಮೇಲೆ ತಂದೆ ಅವನನ್ನು ಸಮಂಗಾ ನದಿಯಲ್ಲಿ ಮುಳುಗೇಳಿಸಿದಾಗ ಅಂಗಗಳೆಲ್ಲ ನೆಟ್ಟಗಾಗುತ್ತವೆ. ಆ ಕೊನೆಯ ಭಾಗ ನಮಗೆ ಅಷ್ಟಾಗಿ ರುಚಿಸುವುದಿಲ್ಲ. ಗೆದ್ದು ಬಂದ ಮಗನನ್ನು ಹಾಗೆಯೇ ಮನೆಗೆ ಕರೆದುಕೊಂಡು ಹೋಗಬಾರದಿತ್ತೇ?

ಹೆತ್ತವರಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ‘ದೇವರ ಮಗು’, ‘ವಿಶೇಷ ಮಗು’ ಎಂಬ ಸಿಹಿ ಮಾತುಗಳು ನಮಗೂ ಒಗ್ಗುವುದಿಲ್ಲ. ಮಕ್ಕಳಿಗಂತೂ ಮೊದಲೇ ಒಗ್ಗುವುದಿಲ್ಲ. ದುಃಖವಾಗುವುದನ್ನು ತಪ್ಪೆಂದು ಹೇಳುವ ಅಧಿಕಾರವೂ ನಮಗಿಲ್ಲ. ಅಳುವವರು ಅಳಲಿ, ಮಗುವಿನ ಎದುರು ಬೇಡ. ಕೇಳಿದವರಿಗೆ ಕೊಡಲು ಒಂದು ಸರಳ ವಾಕ್ಯವನ್ನು ಸಿದ್ಧವಾಗಿಟ್ಟುಕೊಳ್ಳಿ. ಮಗು ಅದನ್ನೇ ಕಲಿಯುತ್ತದೆ. ವಾಟ್ಸಾಪಿನಲ್ಲಿ ಮದುವೆಯ ಚಿತ್ರ ಕಳಿಸುವಾಗ ಆ ಮಗುವಿರುವ ಅಂಚನ್ನು ಕತ್ತರಿಸಬೇಡಿ. ಮಕ್ಕಳು ಅದನ್ನು ನೋಡುತ್ತಾರೆ, ನೋಡಿದ್ದೇನೆಂದು ಹೇಳುವುದಿಲ್ಲ.

ಹಣವಿಲ್ಲವೆಂದು ಚಿಕಿತ್ಸೆಯನ್ನು ಬಿಡಬೇಕಾದ ಕಾಲ ಇದಲ್ಲ ಎಂಬುದನ್ನೂ ಹೇಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಮಾಡುವ ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳು, ಸೊಟ್ಟಪಾದ ಎಲ್ಲವೂ ಇವೆ. ಸ್ಮೈಲ್ ಟ್ರೈನ್ ಸಂಸ್ಥೆ 2000ದಿಂದ ನಮ್ಮ ದೇಶದ ಆಸ್ಪತ್ರೆಗಳ ಮೂಲಕ ಈ ಶಸ್ತ್ರಕ್ರಿಯೆಗೆ ನೆರವು ನೀಡುತ್ತಾ ಬಂದಿದೆ. ಕೇರಳದವರು ಡಾ. ಎಚ್. ಎಸ್. ಅದೆನ್ವಾಲಾ ಅವರ ಹೆಸರನ್ನು ಮರೆಯುವಂತಿಲ್ಲ. ಮುಂಬಯಿಯಿಂದ ಬಂದ ಈ ಪಾರ್ಸಿ ವೈದ್ಯರು 1959ರಲ್ಲಿ ತ್ರಿಶೂರಿನ ಜುಬಿಲಿ ಮಿಷನ್ ಆಸ್ಪತ್ರೆಗೆ ಸೇರಿ, 2020ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಯೇ ನೆಲೆನಿಂತು ಸಾವಿರಾರು ಮಕ್ಕಳ ತುಟಿ ಅಂಗುಳುಗಳನ್ನು ಕೂಡಿಸಿದರು. ಅಲ್ಲಿನ ಸೀಳುತುಟಿ ಚಿಕಿತ್ಸಾ ಕೇಂದ್ರಕ್ಕೆ ಅವರು ಇಟ್ಟದ್ದು ತಮ್ಮ ಹೆಸರನ್ನಲ್ಲ, ಗುರು ಚಾರ್ಲ್ಸ್ ಪಿಂಟೊ ಅವರ ಹೆಸರನ್ನು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಹೊಸದಾಗಿ ಕಂಡದ್ದನ್ನು ಒಮ್ಮೆ ನೋಡುವುದು ತಪ್ಪಲ್ಲ. ಹಿರಿಯರು ‘ಹಾಗೆ ನೋಡಬಾರದು’ ಎಂದು ನಿಮ್ಮ ತಲೆಯನ್ನು ಬೇರೆ ಕಡೆ ತಿರುಗಿಸುತ್ತಾರಲ್ಲ, ಅದನ್ನು ನಾವು ಮೆಚ್ಚುವುದಿಲ್ಲ. ತಿರುಗಿಸಿದ ತಲೆಗಳನ್ನೇ ಆ ಮಕ್ಕಳು ಹೆಚ್ಚು ಎಣಿಸುತ್ತಾರೆ. ನೋಡಿ, ಬೇಕಿದ್ದರೆ ಕೇಳಿ, ಉತ್ತರ ಸಿಕ್ಕಿದ ಮೇಲೆ ಆಟಕ್ಕೆ ಕರೆಯಿರಿ. ಅಡ್ಡಹೆಸರು ಇಡುವವರಿಗೆ ಮಾತ್ರ ನಮ್ಮ ತರಗತಿಯಲ್ಲಿ ಜಾಗವಿಲ್ಲ.

ಈ ಲೇಖನ ಬರೆಯುವ ಮೊದಲು ಆ ಮನೆಗೆ ಹೋಗಿದ್ದೆವು. ಹೆಸರು ಹಾಕುವುದಿಲ್ಲವೆಂದು ಹೇಳಿದಾಗ ಹುಡುಗ ನಕ್ಕ: ‘ಹಾಕದಿದ್ದರೂ ಊರಿನವರಿಗೆ ಗೊತ್ತಾಗುತ್ತದೆ ಸರ್, ತೊಂದರೆಯಿಲ್ಲ.’ ತಂದೆ ತಮ್ಮ ಬೈರಾಸಿನ ಕಥೆಯನ್ನು ಬರೆಯಬಹುದೆಂದರು. ತಾಯಿ ಕಾಫಿ ತಂದಿಟ್ಟು, ‘ಅವನನ್ನು ಕಂಠಪಾಠದಿಂದ ಬಿಟ್ಟದ್ದನ್ನೂ ಬರೆಯುತ್ತೀರೋ?’ ಎಂದು ಕೇಳಿದರು. ಬರೆಯುತ್ತೇವೆ ಎಂದೆವು.